ಗೀಸರ್‌ಗೆ ಬೇರೆ ಲೆಕ್ಕ, ಬೋರಿನ ಮೋಟರ್‌ಗೆ ಬೇರೆ ಲೆಕ್ಕ

ಹಲೋ, ಎಲ್ಲರಿಗೂ ಕೇಳಿಸುತ್ತಿದೆ ಅಲ್ವಾ? ಇಷ್ಟೆಲ್ಲಾ ಟೈಪ್ ಮಾಡಲು ನನ್ನ ಕೈಲಿ ಆಗಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಊರ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದಿದೆ, ಗೀಸರ್ ನೀರು ಬೇಗ ಕಾಯುತ್ತಿಲ್ಲ, ಯಾಕೆ ಅಂತ ಪುಟ್ಟಿ ಕೇಳಿದ್ದಳು. ಅದಕ್ಕೆ ಚಿಕ್ಕಪ್ಪ, "ವೋಲ್ಟೇಜ್ ಇಳಿದರೆ ಆಂಪ್ಸ್ ಜಾಸ್ತಿ ಎಳೆಯುತ್ತದೆ, ಬಿಲ್ ಏರುತ್ತದೆ, ಆಫ್ ಮಾಡಿ" ಅಂದರು. ಆಂಪ್ಸ್ ಅಂದರೆ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅನ್ನುವ ಲೆಕ್ಕ.

ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಗೀಸರ್‌ಗೆ ಆ ಮಾತು ಹೊಂದುವುದಿಲ್ಲ. ವೋಲ್ಟನ್ನು ಆಂಪ್ಸಿನಿಂದ ಗುಣಿಸಿದರೆ ವಾಟ್, ಅದು ಸರಿ. ಆದರೆ ನೀವು 2000 ವಾಟನ್ನು ಗಟ್ಟಿಯಾಗಿ ಹಿಡಿದುಕೊಂಡು ವೋಲ್ಟೇಜ್ ಮಾತ್ರ ಇಳಿಸುತ್ತಿದ್ದೀರಿ. ಗೀಸರ್ ಮೇಲೆ ಬರೆದಿರುವ ಆ 2000, ಪೂರ್ತಿ 230 ವೋಲ್ಟ್ ಸಿಕ್ಕರೆ ಮಾತ್ರ. ಬದಲಾಗದೆ ಇರುವುದು ಒಳಗಿನ ಕಾಯಿಲ್‌ನ ಓಮ್, ಅಂದರೆ ಕರೆಂಟ್ ಹರಿಯಲು ಅದು ಒಡ್ಡುವ ತಡೆ.

ಪುಟ್ಟಿ, ಪೆನ್ನು ತಗೋ. 2000ವನ್ನು 230ರಿಂದ ಭಾಗಿಸು, 8.7 ಆಂಪ್ಸ್. ಈಗ 230ನ್ನು 8.7ರಿಂದ ಭಾಗಿಸು, 26.4 ಓಮ್. ಇದನ್ನು ಹಾಗೇ ಇಟ್ಟುಕೋ. ಈಗ ಬರುತ್ತಿರುವುದು 180. ಅದನ್ನು 26.4ರಿಂದ ಭಾಗಿಸಿದರೆ 6.8 ಆಂಪ್ಸ್. ನೋಡಿದೆಯಾ, ಇಳಿಯಿತು! 180 ಇಂಟು 6.8, ಸುಮಾರು 1225 ವಾಟ್. ವೋಲ್ಟೂ ಹೋಯಿತು, ಅದರ ಹಿಂದೆ ಆಂಪ್ಸೂ ಹೋಯಿತು. ಅದಕ್ಕೇ ವೋಲ್ಟೇಜ್ ನೂರಕ್ಕೆ 22 ಇಳಿದರೆ ವಾಟ್ ನೂರಕ್ಕೆ 39 ಇಳಿದಿದೆ. 15 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಏರಲು 16 ನಿಮಿಷ ಸಾಕಿತ್ತು, ಈಗ 26 ನಿಮಿಷ ಬೇಕು. ಕೆಟ್ಟಿಲ್ಲ, ನಿಧಾನ ಅಷ್ಟೇ. ಬಿಲ್ಲೂ ಏರಲ್ಲ. ಅಷ್ಟೇ ನೀರಿಗೆ ಅಷ್ಟೇ ಕಾವು, ಹೇಗಿದ್ದರೂ ಅರ್ಧ ಯೂನಿಟ್‌ಗಿಂತ ಚೂರು ಜಾಸ್ತಿ.

ಮಲ್ಟಿಮೀಟರ್ ತಂದು ಓಮ್ ನೋಡುತ್ತೇನೆ ಅಂದರೆ ಮೊದಲು ಪ್ಲಗ್ ಕಿತ್ತಿಡು. ಗೀಸರ್ ಕಾಯಿಲ್ ನೈಕ್ರೋಮ್ ಅನ್ನುವ ಮಿಶ್ರಲೋಹದ್ದು, ಕಾದರೂ ಅದರ ಓಮ್ ಹೆಚ್ಚು ಬದಲಾಗುವುದಿಲ್ಲ. ಹಟ್ಟಿಯಲ್ಲಿರುವ ಆ ಹಳೇ 60 ವಾಟ್ ಬಲ್ಬಿಗೆ ಮಾತ್ರ ಹೀಗೆ ನೋಡಬೇಡ. ಲೆಕ್ಕದಲ್ಲಿ 880 ಓಮ್ ಬರುತ್ತದೆ, ಮೀಟರ್ ನೂರನ್ನೂ ತೋರಿಸುವುದಿಲ್ಲ. ಉರಿದು ತಂತಿ ಕಾದ ಮೇಲೇ ಅದರ ಓಮ್ ಏರುವುದು.

ಚಿಕ್ಕಪ್ಪ ಸುಮ್ನೆ ಹೇಳಿದ್ದಲ್ಲ. ಅವರು ನೋಡಿರುವುದು ಬೋರಿನ ಮೋಟರ್. ಸ್ಟಾರ್ಟರ್ ಬಾಕ್ಸಿನಲ್ಲಿ ವೋಲ್ಟಿನ ಮುಳ್ಳು ಕೆಳಗಿಳಿದರೆ ಆಂಪ್ಸ್ ಮುಳ್ಳು ಮೇಲೇರುತ್ತದೆ, ಅದು ನಿಜ. ನೀರೆತ್ತುವ ಭಾರ ಅಷ್ಟೇ ಇರುತ್ತದೆ, ಮೋಟರ್ ಹೇಗಾದರೂ ತಿರುಗಲು ನೋಡುತ್ತದೆ, ಆಂಪ್ಸ್ ಎಳೆಯುತ್ತದೆ. ಆಂಪ್ಸ್ ಒಂದೂವರೆ ಪಟ್ಟಾದರೆ ವೈಂಡಿಂಗ್‌ನಲ್ಲಿ, ಅಂದರೆ ಮೋಟರ್ ಒಳಗೆ ಸುತ್ತಿರುವ ತಂತಿಯಲ್ಲಿ, ಕಾವು ಎರಡೂಕಾಲು ಪಟ್ಟು. ಸುಟ್ಟ ಕಾಯಿಲ್ ಮತ್ತೆ ಕಟ್ಟುವವರ ಹತ್ತಿರ ಎರಡು ಸಲ ದುಡ್ಡು ಸುರಿದವರು ಹೆದರದೆ ಇರುತ್ತಾರಾ? 180 ಇರುವಾಗ ಮೋಟರ್ ಹಾಕಬೇಡಿ, ಅದರಲ್ಲಿ ನಾನು ಚಿಕ್ಕಪ್ಪನ ಕಡೆ.

ಇನ್ನೊಂದು, ಪುಟ್ಟಿ. ಟಿವಿಯ ಸ್ಟೆಬಿಲೈಜರ್‌ಗೆ ಗೀಸರ್ ಸಿಕ್ಕಿಸುವ ಐಡಿಯಾ ಬಿಟ್ಟುಬಿಡು, ಅದು ಅಷ್ಟು ಆಂಪ್ಸ್ ತಡೆಯಲ್ಲ. 16 ಆಂಪ್ಸ್ ದಪ್ಪ ಸಾಕೆಟ್‌ನಲ್ಲೇ ಇರಲಿ. ಅಜ್ಜಿ ಸ್ನಾನಕ್ಕೆ ಹೋಗುವ ಅರ್ಧ ಗಂಟೆ ಮುಂಚೆ ಸ್ವಿಚ್ ಹಾಕು.