ನಾಯಿಯ ಕಿವಿ ಸೋಂಕು ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ನೀವೇನು ಮಾಡಿದಿರಿ?

ಬ್ರೂನೋ ಮನೆಯಿಂದ ಪ್ರಶ್ನೆ:

ನಮ್ಮ ಬ್ರೂನೋ ಬಿಳಿ ಲ್ಯಾಬ್ರಡಾರ್, ಐದು ವರ್ಷ. ಈ ವರ್ಷ ಇದು ನಾಲ್ಕನೇ ಸಲ ಕಿವಿ ಸೋಂಕು. ತಲೆ ಕೊಡವುತ್ತಾನೆ, ಕಿವಿ ಕೆರೆಯುತ್ತಾನೆ, ಹತ್ತಿರ ಹೋದರೆ ಹುಳಿ ವಾಸನೆ. ಡ್ರಾಪ್ಸ್ ಹಾಕಿದರೆ ಒಂದು ವಾರದಲ್ಲಿ ಆರಾಮಾಗುತ್ತಾನೆ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ಹೋದ ಸಲದ ಬಾಟಲಿಯಲ್ಲಿ ಇನ್ನೂ ಅರ್ಧ ಔಷಧಿ ಇದೆ, ಅದನ್ನೇ ಹಾಕಬಹುದಾ? ಇದು ಮತ್ತೆ ಮತ್ತೆ ಬರದ ಹಾಗೆ ನೀವೆಲ್ಲ ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

ಜೂಲಿ ಮನೆಯಿಂದ:

ಬೇಡ, ಆ ಅರ್ಧ ಬಾಟಲಿ ಮುಟ್ಟಬೇಡಿ. ನಾನು ಅದೇ ತಪ್ಪು ಮಾಡಿದವಳು. ಜೂಲಿಗೆ ಮೊದಲ ಸಲ ಬಂದದ್ದು ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ. ಕಂದು ಬಣ್ಣದ ಜಿಡ್ಡು, ನೀವು ಹೇಳಿದ ಅದೇ ಹುಳಿ ವಾಸನೆ. ಮುಂದಿನ ಸಲ ಕಿವಿ ಕೆರೆದಾಗ ಇದೂ ಅದೇ ಅಂದುಕೊಂಡು ಉಳಿದಿದ್ದ ಡ್ರಾಪ್ಸ್ ಹಾಕಿದೆ. ಹತ್ತು ದಿನವಾದರೂ ಕಡಿಮೆ ಇಲ್ಲ, ಹಸಿರು ಕೀವು ಬರತೊಡಗಿತು. ಡಾಕ್ಟರು ಸ್ವಾಬ್ (ಹತ್ತಿಕಡ್ಡಿಯಲ್ಲಿ ಕಿವಿಯ ಕೊಳೆಯ ಸ್ಯಾಂಪಲ್) ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯೀಸ್ಟ್ ಇರಲೇ ಇಲ್ಲ, ಪೂರ್ತಿ ಬ್ಯಾಕ್ಟೀರಿಯಾ. ಕಲ್ಚರ್‌ಗೆ (ಲ್ಯಾಬಿನಲ್ಲಿ ಬೆಳೆಸಿ ಯಾವ ಬ್ಯಾಕ್ಟೀರಿಯಾ ಅಂತ ನೋಡುವುದು) ಕಳಿಸಿದಾಗ ಸ್ಯೂಡೋಮೊನಾಸ್ ಅಂತ ಬಂತು. ಅದು ಎಷ್ಟೋ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ ಜಾತಿ.

ಇನ್ನೊಂದು ಅಪಾಯ ಇದೆ. ಕಿವಿಯ ತಮಟೆ ಹರಿದಿದ್ದರೆ ಕೆಲವು ಔಷಧಿಗಳು ಒಳಕ್ಕೆ ಇಳಿದು ನಾಯಿ ಕಿವುಡಾಗಬಹುದು. ತಮಟೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಓಟೋಸ್ಕೋಪ್ ಹಾಕಿಯೇ ನೋಡಬೇಕು.

ಆಮೇಲೆ ಒಂದು ಮಾತು ಕೇಳಲಾ? ಅರ್ಧ ಬಾಟಲಿ ಉಳಿದದ್ದು ಹೇಗೆ? ವಾಸನೆ ಹೋಯಿತು ಅಂತ ಮಧ್ಯದಲ್ಲೇ ನಿಲ್ಲಿಸಿದಿರಾ? ನಾನಂತೂ ಪ್ರತಿ ಸಲ ಹಾಗೇ ಮಾಡುತ್ತಿದ್ದೆ. ಮೇಲೆ ಚೆನ್ನಾಗಿ ಕಂಡರೂ ಒಳಗೆ ಇನ್ನೂ ಉಳಿದಿರುತ್ತದೆ. ಈಗ ಡ್ರಾಪ್ಸ್ ನಿಲ್ಲಿಸುವ ಮೊದಲು ಮತ್ತೊಂದು ಸ್ವಾಬ್ ಮಾಡಿಸುತ್ತೇನೆ.

ಟೈಗರ್ ಮನೆಯಿಂದ:

ಕಿವಿ ತೊಳೆಯುವ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಮೂರು ವರ್ಷ ತಪ್ಪು ರೀತಿಯಲ್ಲೇ ಮಾಡಿದ್ದೇನೆ. ನಾಯಿಯ ಕಿವಿಯ ದಾರಿ ನೇರ ಇಲ್ಲ. ಮೊದಲು ಕೆಳಕ್ಕಿಳಿದು ಆಮೇಲೆ ಅಡ್ಡ ತಿರುಗುತ್ತದೆ, ಎಲ್ ಅಕ್ಷರದ ಹಾಗೆ. ಬಡ್ಸ್ ಹಾಕಿದರೆ ಗುಗ್ಗೆ ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಹೋಗಿ ಕೂರುತ್ತದೆ. ನಾನು ಹೊರಗಿನ ಮಡಿಕೆಗಳನ್ನೆಲ್ಲ ಪಳಪಳ ಒರೆಸಿ ಖುಷಿಪಡುತ್ತಿದ್ದೆ, ಕೊಳೆ ತಿರುವಿನಲ್ಲಿ ಹಾಯಾಗಿತ್ತು.

ಸರಿಯಾದ ರೀತಿ ಇದು. ಡಾಕ್ಟರು ಹೇಳಿದ ಇಯರ್ ಕ್ಲೀನರನ್ನು ಕಿವಿ ತುಂಬುವಷ್ಟು ಸುರಿಯಿರಿ. ಸುಮ್ನೆ ಎರಡು ಹನಿ ಸಾಲದು. ಬಾಟಲಿಯ ತುದಿ ಕಿವಿಗೆ ತಾಗದಿರಲಿ. ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ಅದುಮಿ, ಪಿಚಪಿಚ ಅನ್ನುವ ಶಬ್ದ ಬರಬೇಕು. ಆಮೇಲೆ ಕೈ ಬಿಡಿ, ಅವನೇ ಕೊಡವಿ ಹೊರಗೆ ಹಾಕುತ್ತಾನೆ. (ಗೋಡೆಯಿಂದ ದೂರ ನಿಲ್ಲಿಸಿ. ನಮ್ಮ ಗೋಡೆಯ ಕಲೆ ಇನ್ನೂ ಹೋಗಿಲ್ಲ.) ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ದೂರ ಮಾತ್ರ ಒರೆಸಿ. ಡ್ರಾಪ್ಸ್ ಇದ್ದರೆ ತೊಳೆದ ಕಿವಿ ಸ್ವಲ್ಪ ಒಣಗಿದ ಮೇಲೆ ಹಾಕಿ, ತೊಳೆಯದೆ ಹಾಕಿದರೆ ಔಷಧಿ ಗುಗ್ಗೆಯ ಮೇಲೆಯೇ ನಿಲ್ಲುತ್ತದೆ.

ಜಾಸ್ತಿ ತೊಳೆಯುವುದೂ ತಪ್ಪು. ನಾನು ದಿನಾ ತೊಳೆದು ಒಳಗಿನ ಚರ್ಮ ಕೆಂಪಗೆ ಮಾಡಿಟ್ಟಿದ್ದೆ. ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರನ್ನೇ ಕೇಳಿ.

ರಾಕಿ ಮನೆಯಿಂದ:

ನಾನು ವಿನೆಗರ್‌ಗೆ ನೀರು ಬೆರೆಸಿ ಹಾಕುತ್ತೇನೆ, ಏನೂ ಆಗಿಲ್ಲ.

ಟೈಗರ್ ಮನೆಯಿಂದ:

ರಾಕಿಯ ಕಿವಿ ಚೆನ್ನಾಗಿರುವಾಗ ಹಾಕಿದ್ದೀರಿ, ಅಲ್ವಾ? ಬ್ರೂನೋದು ಈಗ ಹುಣ್ಣಾಗಿರಬಹುದು. ಗಾಯದ ಮೇಲೆ ಹುಳಿ ಸುರಿದ ಹಾಗೆ ಉರಿಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ. ಒಮ್ಮೆ ಉರಿದರೆ ಆಮೇಲೆ ಬಾಟಲಿ ಕಂಡೊಡನೆ ಮಂಚದ ಕೆಳಗೆ ಓಡುತ್ತಾನೆ.

ಚಿನ್ನಿ ಮನೆಯಿಂದ:

ಎಲ್ಲರೂ ಕಿವಿಯ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಕಾಲಿನ ಬಗ್ಗೆ ಕೇಳುತ್ತೇನೆ. ಬ್ರೂನೋ ಪಾದ ನೆಕ್ಕುತ್ತಾನಾ? ಬೆರಳುಗಳ ಸಂದಿಯಲ್ಲಿ ಕೂದಲು ತುಕ್ಕು ಬಣ್ಣಕ್ಕೆ ತಿರುಗಿದೆಯಾ? ಹೊಟ್ಟೆ, ಕಂಕುಳು ಕೆರೆದುಕೊಳ್ಳುತ್ತಾನಾ?

ನಮ್ಮ ಚಿನ್ನಿಗೆ ಎರಡು ವರ್ಷ ಡ್ರಾಪ್ಸ್ ಹಾಕಿದೆವು. ಕೊನೆಗೆ ಒಬ್ಬ ಡಾಕ್ಟರು ಪಾದ ಎತ್ತಿ ನೋಡಿ, ಇದು ಅಲರ್ಜಿ ಅಂದರು. ಯೀಸ್ಟು, ಬ್ಯಾಕ್ಟೀರಿಯಾ ಎಲ್ಲ ಚರ್ಮದಲ್ಲಿ ಮೊದಲೇ ಇರುತ್ತವಂತೆ. ಅಲರ್ಜಿಯಿಂದ ಕಿವಿಯೊಳಗೆ ಊದಿ ಬೆಚ್ಚಗೆ, ಒದ್ದೆಯಾದಾಗ ಅವು ಬೇಕಾದಷ್ಟು ಬೆಳೆಯುತ್ತವೆ. ಡ್ರಾಪ್ಸ್ ಅವನ್ನು ಕೊಲ್ಲುತ್ತದೆ, ಅಲರ್ಜಿ ಇದ್ದಲ್ಲೇ ಇರುತ್ತದೆ. ಎರಡು ತಿಂಗಳಿಗೊಮ್ಮೆ ಬರುವುದು ಅದಕ್ಕೇ.

ಅಲರ್ಜಿ ಧೂಳಿನ ನುಸಿ, ಪರಾಗದಂಥವುಗಳಿಂದ ಇರಬಹುದು, ಊಟದಿಂದಲೂ ಇರಬಹುದು. ಊಟದ್ದು ತಿಳಿಯಲು ಇರುವ ನಂಬಿಕೆಯ ದಾರಿ ಪಥ್ಯ. ನಾಯಿ ಹಿಂದೆ ಎಂದೂ ತಿನ್ನದ ಒಂದು ಪ್ರೋಟೀನ್, ಇಲ್ಲವೇ ಡಾಕ್ಟರು ಕೊಡುವ ಹೈಡ್ರೊಲೈಸ್ಡ್ ಆಹಾರ (ಪ್ರೋಟೀನನ್ನು ತೀರಾ ಸಣ್ಣ ಚೂರು ಮಾಡಿದ್ದು), ಕನಿಷ್ಠ 8 ವಾರ. ಅದು ಬಿಟ್ಟು ಏನೂ ಇಲ್ಲ. ನಮ್ಮ ಮೊದಲ ಪ್ರಯತ್ನ ಐದನೇ ವಾರಕ್ಕೆ ನೀರಲ್ಲಿ ಹೋಮವಾಯಿತು. ಅತ್ತೆ ದಿನಾ ಚೂರು ಬಿಸ್ಕತ್ತು ಕೊಡುತ್ತಿದ್ದರು, "ಇಷ್ಟೇ ಇಷ್ಟು, ಏನಾಗುತ್ತೆ?" ಅಂತ. ಮಾಂಸದ ರುಚಿ ಬೆರೆಸಿದ ಹುಳದ ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ, ಅದು ನನಗೆ ಗೊತ್ತೇ ಇರಲಿಲ್ಲ. ಎರಡನೇ ಸಲ ಫ್ರಿಜ್ ಮೇಲೆ ಚೀಟಿ ಅಂಟಿಸಿದೆವು. ಏಳನೇ ವಾರಕ್ಕೆ ಪಾದ ನೆಕ್ಕುವುದು ನಿಂತಿತು. ಖಚಿತ ಮಾಡಿಕೊಳ್ಳಲು ಹಳೇ ಊಟ ಮತ್ತೆ ಕೊಟ್ಟಾಗ ನಾಲ್ಕೇ ದಿನಕ್ಕೆ ಕಿವಿ ಕೆಂಪಾಯಿತು. ಚಿನ್ನಿಗೆ ಆಗದಿದ್ದದ್ದು ಕೋಳಿ. ನಿಮ್ಮ ಬ್ರೂನೋಗೆ ಅದೇ ಇರಬೇಕೆಂದಿಲ್ಲ, ಊಟದ ಅಲರ್ಜಿಯೇ ಅಂತಲೂ ಇಲ್ಲ.

ಮೋತಿ ಮನೆಯಿಂದ:

ನಮ್ಮವನು ನೀರು ಕಂಡರೆ ಬಿಡುವುದಿಲ್ಲ. ಈಜಿ ಬಂದ ಮೇಲೆ ಕಿವಿ ಮಡಚಿ ಮೇಲೆತ್ತಿ ಬಟ್ಟೆಯಿಂದ ಒರೆಸುತ್ತೇವೆ, ಒಣಗಿಸುವ ಗುಣದ ಕ್ಲೀನರ್ ಹಾಕುತ್ತೇವೆ. ಸ್ನಾನದಲ್ಲಿ ಹತ್ತಿ ಇಡುತ್ತೇವೆ, ಆಮೇಲೆ ನೆನಪಿಟ್ಟು ತೆಗೆಯಬೇಕು! ಕಿವಿ ಕೂದಲು ಮಾತ್ರ ಸುಮ್ಮನೆ ಕೀಳಬೇಡಿ, ಕಿತ್ತ ಜಾಗ ಊದುತ್ತದೆ.

ರಾಣಿ ಮನೆಯಿಂದ:

ನಮ್ಮದು ಕಾಕರ್ ಸ್ಪ್ಯಾನಿಯಲ್. ತಡ ಮಾಡಿದ್ದಕ್ಕೆ ಬೆಲೆ ತೆತ್ತವರು ನಾವು. ತಲೆ ಕೊಡವಿ ಕೊಡವಿ ಒಂದು ದಿನ ಕಿವಿಯ ಹಾಳೆ ರಕ್ತ ತುಂಬಿ ದಿಂಬಿನ ಹಾಗೆ ಊದಿತು. ಅದಕ್ಕೊಂದು ಆಪರೇಷನ್. ವರ್ಷಗಟ್ಟಲೆ ಸೋಂಕಿನಿಂದ ಕಿವಿಯ ದಾರಿ ದಪ್ಪಗಾಗಿ ಮುಚ್ಚಿಕೊಂಡಿತು, ಡ್ರಾಪ್ಸ್ ಒಳಗೆ ಇಳಿಯುವಂತೆಯೇ ಇರಲಿಲ್ಲ. ಕೊನೆಗೆ ಆ ದಾರಿಯನ್ನೇ ಪೂರ್ತಿ ಕತ್ತರಿಸಿ ತೆಗೆದರು. ಆ ಕಿವಿ ಈಗ ಹೆಚ್ಚುಕಡಿಮೆ ಕೇಳುವುದಿಲ್ಲ. ಆದರೆ ಎಷ್ಟು ನೋವಿತ್ತೋ, ತಿಂಗಳ ನಂತರ ಮರಿಯ ಹಾಗೆ ಆಡತೊಡಗಿದಳು.

ತಲೆ ಒಂದೇ ಕಡೆ ವಾಲಿದರೆ, ನಡೆಯುವಾಗ ತೂರಾಡಿದರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸೋಂಕು ಒಳಗಿವಿಗೆ ಹೋಗಿರಬಹುದು.

ಬ್ರೂನೋ ಮನೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಜೂಲಿ ಮನೆಯವರು ಸರಿಯಾಗಿ ಹಿಡಿದಿರಿ, ಎರಡು ವಾರ ಹಾಕಲು ಹೇಳಿದ್ದರು, ನಾವು ಒಂದೇ ವಾರಕ್ಕೆ ನಿಲ್ಲಿಸಿದ್ದೆವು. ಇವತ್ತು ಸ್ವಾಬ್ ಆಯಿತು, ಎರಡೂ ಕಿವಿಯಲ್ಲಿ ಯೀಸ್ಟ್, ತಮಟೆ ಚೆನ್ನಾಗಿದೆ. ಪಾದ ನೋಡಿದೆವು, ಬೆರಳ ಸಂದಿಯೆಲ್ಲ ತುಕ್ಕು ಬಣ್ಣ. ಕಿವಿ ವಾಸಿಯಾದ ಮೇಲೆ ಪಥ್ಯ ಶುರು ಮಾಡೋಣ ಅಂದಿದ್ದಾರೆ. ಬೆಳಗಿನ ಕಾಫಿ ಹೊತ್ತಿಗೆ ಬ್ರೂನೋಗೆ ಕೊಡುವ ರಸ್ಕ್ ನಿಲ್ಲಿಸಬೇಕು ಅಂತ ಅಪ್ಪನಿಗೆ ಇನ್ನೂ ಹೇಳಿಲ್ಲ.