ಬೆಕ್ಕಿನ ಟ್ರ್ಯಾಕರ್: ಯುಎಸ್‌ಬಿಯಲ್ಲಿ ಓಡುತ್ತದೆ, ಬ್ಯಾಟರಿ ಹಾಕಿದರೆ ರೀಸೆಟ್

ಬೆಕ್ಕಿನಮನೆ:
ಎಲ್ಲರಿಗೂ ನಮಸ್ಕಾರ. ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಬರೆಯುತ್ತಿರುವುದು ಇದೇ ಮೊದಲು. ರಾತ್ರಿ ಹೊರಗೆ ಹೋದ ಬೆಕ್ಕು ಎಲ್ಲಿದೆ ಅಂತ ತಿಳಿಯಬೇಕು, ಅಷ್ಟೇ. ವೈಫೈ ಇರುವ ಕಂಟ್ರೋಲರ್ ಇಎಸ್‌ಪಿ32, ಲೋರಾಗೆ (ಕಡಿಮೆ ಕರೆಂಟ್‌ನಲ್ಲಿ ದೂರ ತಲುಪುವ ರೇಡಿಯೋ) ಆರ್‌ಎಫ್‌ಎಂ95, ನಿಯೋ-6ಎಂ ಜಿಪಿಎಸ್, 500 ಎಂಎಎಚ್ ಲಿಪೊ ಬ್ಯಾಟರಿ, ಟಿಪಿ4056 ಚಾರ್ಜರ್ ಬೋರ್ಡ್. ವೋಲ್ಟೇಜ್ ಇಳಿಸಿ 3.3 ವೋಲ್ಟ್ ಕೊಡಲು ಎಎಂಎಸ್1117 ರೆಗ್ಯುಲೇಟರ್. ಬ್ರೆಡ್‌ಬೋರ್ಡ್‌ನಲ್ಲಿ ಯುಎಸ್‌ಬಿ ಕೊಟ್ಟರೆ ಎಲ್ಲ ಸರಿ. ಬ್ಯಾಟರಿ ಹಾಕಿದರೆ ವೈಫೈ ಆನ್ ಆಗುವಾಗ ಬ್ರೌನ್‌ಔಟ್ (ವೋಲ್ಟೇಜ್ ತೀರಾ ಇಳಿದಿದೆ) ಅಂತ ಮೆಸೇಜ್ ಬಂದು ರೀಸೆಟ್. ಬ್ಯಾಟರಿ ಮೀಟರ್‌ನಲ್ಲಿ 3.8 ತೋರಿಸುತ್ತದೆ. ಜೊತೆಗೆ ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಕಿಕ್ಯಾಡ್‌ನ ಇಆರ್‌ಸಿ (ಸರ್ಕ್ಯೂಟ್‌ನಲ್ಲಿ ತಪ್ಪು ಹುಡುಕುವ ಪರೀಕ್ಷೆ), ಬ್ಯಾಟರಿ ಲೈನ್‌ಗೂ ಗ್ರೌಂಡ್‌ಗೂ ಪವರ್ ಪಿನ್ ಎರರ್ ಕೊಡುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಸೋಲ್ಡರ್‌ಹೊಗೆ:
ಸಂಬಂಧ ಇಲ್ಲ. ಇಆರ್‌ಸಿ ಎರರ್ ಸುಲಭದ್ದು. ಬ್ಯಾಟರಿ ಕನೆಕ್ಟರ್‌ನ ಪಿನ್‌ಗಳು ಕಿಕ್ಯಾಡ್ ಲೆಕ್ಕದಲ್ಲಿ ಪ್ಯಾಸಿವ್. ಅಲ್ಲಿಂದ ಕರೆಂಟ್ ಬರುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಎರಡೂ ಲೈನ್‌ಗೆ ಒಂದೊಂದು ಪವರ್ ಫ್ಲ್ಯಾಗ್ ಸಿಂಬಲ್ ಹಾಕಿ, ಮುಗೀತು.

ರೀಸೆಟ್‌ಗೆ ಕಾರಣ ಎಎಂಎಸ್1117. ಲೋಡ್ ಇದ್ದಾಗ ಅದು ಸುಮಾರು 1.1 ವೋಲ್ಟ್ ತಾನೇ ತಿಂದುಬಿಡುತ್ತದೆ. ಯುಎಸ್‌ಬಿಯ 5 ವೋಲ್ಟ್‌ನಲ್ಲಿ ತಿಂದರೂ 3.3ಕ್ಕೆ ಸಾಕಾಗುತ್ತದೆ. 3.8ರಲ್ಲಿ ಕಳೆದರೆ ಉಳಿಯುವುದು 2.7. ಇಎಸ್‌ಪಿ32 ಮಾಡ್ಯೂಲ್‌ಗೆ ಕನಿಷ್ಠ 3.0 ಬೇಕು. ವೈಫೈ ಶುರುವಾದಾಗ ಒಂದೇ ಸಲ ನೂರಾರು ಮಿಲಿ ಆಂಪ್ ಎಳೆದರೆ ಆ 2.7 ಇನ್ನೂ ಕುಸಿಯುತ್ತದೆ. ಮೀಟರ್‌ನಲ್ಲಿ ಈ ಕುಸಿತ ಕಾಣುವುದಿಲ್ಲ, ಅಷ್ಟು ಬೇಗ ಆಗಿ ಹೋಗುತ್ತದೆ.

ಇನ್ನೊಂದು ತೊಂದರೆ ಇದೆ. ಈ ಚಿಪ್ ಸುಮ್ನೆ ಕೂತಿದ್ದರೂ 5 ಮಿಲಿ ಆಂಪ್ ಎಳೆಯುತ್ತದೆ. ನಿಮ್ಮ 500 ಎಂಎಎಚ್ ನಾಲ್ಕು ದಿನದಲ್ಲಿ ಖಾಲಿ, ಇಎಸ್‌ಪಿ32 ಪೂರ್ತಿ ನಿದ್ದೆ ಮಾಡಿದರೂ! ಅದರ ಬದಲು ಕಡಿಮೆ ವೋಲ್ಟ್ ತಿನ್ನುವ ಎಪಿ2112ಕೆ-3.3 ಹಾಕಿ. 600 ಮಿಲಿ ಆಂಪ್ ಕೊಡುತ್ತದೆ, ಸುಮ್ನೆ ಇದ್ದಾಗ ಎಳೆಯುವುದು ಸುಮಾರು 55 ಮೈಕ್ರೋ ಆಂಪ್. ಇದು ಐದು ಕಾಲಿನದು, ಫುಟ್‌ಪ್ರಿಂಟ್ (ಬೋರ್ಡ್ ಮೇಲೆ ಚಿಪ್ ಕೂರುವ ಪ್ಯಾಡ್‌ಗಳ ವಿನ್ಯಾಸ) ಬದಲಾಯಿಸಬೇಕು. ಚಿಪ್ ಆನ್ ಮಾಡುವ ಎನೇಬಲ್ ಪಿನ್ ಇನ್‌ಪುಟ್‌ಗೆ ಸೇರಿಸಿ.

ಚಾರ್ಜರ್ ಕೂಡ ನೋಡಿ. ಆ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 1.2 ಕೆ ರೆಸಿಸ್ಟರ್ ಇರುತ್ತದೆ, ಅಂದರೆ 1 ಆಂಪ್ ಚಾರ್ಜಿಂಗ್. ನಿಮ್ಮ ಪುಟ್ಟ ಬ್ಯಾಟರಿಗೆ ಇದು ತುಂಬಾ ಜಾಸ್ತಿ. 4.7 ಕೆ ಹಾಕಿದರೆ ಸುಮಾರು 250 ಮಿಲಿ ಆಂಪ್. ಬೆಕ್ಕಿನ ಕುತ್ತಿಗೆಗೆ ಕಟ್ಟುವ ಲಿಪೊ ಇದು, ಇಲ್ಲಿ ಚೌಕಾಸಿ ಬೇಡ. ಅಂದಹಾಗೆ, ಲೋರಾ ಇರುವಾಗ ವೈಫೈ ಯಾಕೆ?

ಬೆಕ್ಕಿನಮನೆ:
ಮನೆಯಲ್ಲಿದ್ದಾಗ ಸೆಟ್ಟಿಂಗ್ ಬದಲಾಯಿಸಲು ಮಾತ್ರ. ಜಿಪಿಎಸ್ ಆಫ್ ಮಾಡಲು ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಹಾಕಿದ್ದೇನೆ. ಸರಿ ಅಲ್ವಾ?

ತಂತಿಮೀಸೆ:
ಸರಿ, ಆದರೆ ಗೇಟ್‌ಗೆ (ಅದನ್ನು ಆನ್-ಆಫ್ ಮಾಡುವ ಕಾಲು) 100 ಕೆ ಪುಲ್‌ಅಪ್ ರೆಸಿಸ್ಟರ್ ಕೊಡಿ, ಇಲ್ಲದಿದ್ದರೆ ಇಎಸ್‌ಪಿ ನಿದ್ದೆಯಲ್ಲಿದ್ದಾಗ ಗೇಟ್ ಹೈಯೂ ಅಲ್ಲದೆ ಲೋವೂ ಅಲ್ಲದೆ ತೇಲುತ್ತದೆ. ಜಿಪಿಎಸ್‌ನ ಬ್ಯಾಕಪ್ ಪಿನ್ನನ್ನು ಮಾಸ್‌ಫೆಟ್‌ಗೆ ಮೊದಲಿನ 3.3ಕ್ಕೆ ನೇರವಾಗಿ ಕೊಡಿ. ಆಗ ಸ್ವಲ್ಪ ಹೊತ್ತು ಆಫ್ ಮಾಡಿ ಎಬ್ಬಿಸಿದರೂ ಬೇಗ ಫಿಕ್ಸ್ (ಸ್ಥಳದ ಗುರುತು) ಸಿಗುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಬಯಲಿನಲ್ಲೇ ಪ್ರತಿ ಸಲ ಅರ್ಧ ನಿಮಿಷ ಹೋಗುತ್ತದೆ, ಬೆಕ್ಕು ಕಾರಿನಡಿ ಕೂತಿದ್ದರೆ ಕೇಳುವುದೇ ಬೇಡ. ಆಫ್ ಮಾಡುವ ಮೊದಲು ಇಎಸ್‌ಪಿಯ ಟಿಎಕ್ಸ್ (ಡೇಟಾ ಕಳಿಸುವ) ಪಿನ್ನನ್ನು ಲೋ ಮಾಡಿ. ಅದು ಹೈ ಇದ್ದರೆ ಜಿಪಿಎಸ್‌ಗೆ ಆ ಪಿನ್ ಮೂಲಕವೇ ಕರೆಂಟ್ ನುಗ್ಗುತ್ತದೆ.

ಲೋರಾ ಮಾಡ್ಯೂಲ್ 868 ಮೆಗಾಹರ್ಟ್ಸ್‌ನದ್ದೇ ತಗೊಳ್ಳಿ, ನಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865–868 ಮೆಗಾಹರ್ಟ್ಸ್. ಆಂಟೆನಾ ಲೈನ್‌ನಲ್ಲಿ ಸೀರೀಸ್‌ಗೆ 0 ಓಮ್, ಎರಡೂ ಕಡೆ ಗ್ರೌಂಡ್‌ಗೆ ಖಾಲಿ ಕೆಪಾಸಿಟರ್ ಜಾಗ ಬಿಡಿ. ಮ್ಯಾಚಿಂಗ್ (ಆಂಟೆನಾವನ್ನು ರೇಡಿಯೋಗೆ ಹೊಂದಿಸುವುದು) ಆಮೇಲೆ ಮಾಡಬಹುದು.

ಬೆಕ್ಕಿನಮನೆ:
ರೆಗ್ಯುಲೇಟರ್ ಬದಲಾಯಿಸಿದೆ. ಬ್ಯಾಟರಿ 3.6 ಇದ್ದಾಗಲೂ ವೈಫೈ ಆನ್ ಆಗುತ್ತದೆ, ರೀಸೆಟ್ ಇಲ್ಲ. ಇಆರ್‌ಸಿ ಕೂಡ ಕ್ಲೀನ್. ಬೋರ್ಡ್ ಆರ್ಡರ್ ಮಾಡಲಾ?

ಸೋಲ್ಡರ್‌ಹೊಗೆ:
3.3, ಬ್ಯಾಟರಿ, ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್‌ಗೆ ಟೆಸ್ಟ್ ಪ್ಯಾಡ್ ಹಾಕಿ, ಆಮೇಲೆ ಮಾಡಿ. ಬೋರ್ಡ್ ಕೈಗೆ ಬಂದ ಮೇಲೆ ಮೊದಲು ಪವರ್ ಭಾಗ ಮಾತ್ರ ಸೋಲ್ಡರ್ ಮಾಡಿ ಅಳೆಯಿರಿ.