ಬುಧವಾರ ಬೆಳಿಗ್ಗೆ 11ಕ್ಕೆ ಸಭೆ ಇಟ್ರೆ ಯಾರು ಬರ್ತಾರೆ?

ಕೊನೆ ಮನೆ (ಬಾಡಿಗೆ), ರಾತ್ರಿ 2.40
ನಲ್ಲಿ ತಿರುಗಿಸಿದ್ರೆ ಬುಸ್ ಅಂತ ಬರೀ ಗಾಳಿ. ಸಂಪಿನ ತಳದ ಕೆಸರು ಕಾಣ್ತಿದೆ. ನೀರು ಬಿಡೋ ಹೊತ್ತು ಬದಲಾಯಿಸಿದ್ದು ಯಾರನ್ನ ಕೇಳಿ? ಸಭೇಲಿ ತೀರ್ಮಾನ ಆಯ್ತಂತೆ! ಹಿಂದಿನ ರಾತ್ರಿ ನೋಟಿಸ್ ಹಾಕಿ, ದುಡಿಯೋ ಹೊತ್ತಲ್ಲಿ ಸಭೆ. ಬಾಡಿಗೆಗಿರೋರಲ್ಲಿ ಎಷ್ಟೋ ಜನ ನಮ್ಮ ಬೀದಿಯ ಈ ವಾಟ್ಸಾಪ್ ಗ್ರೂಪಲ್ಲೇ ಇಲ್ಲ.

ಮೂಲೆ ಮನೆ
ಸಭೆಗೆ ಬರದೆ ಆಮೇಲೆ ಕೂಗಾಡಿದ್ರೆ ಹೇಗ್ರೀ? ನಾನು ಒಂದೂ ತಪ್ಪಿಸಿಲ್ಲ. ನಡುವಿನ ಮನೆಯವರು ಲೈನಿಗೇ ಮೋಟರ್ ಹಾಕಿದ್ದಾರೆ, ಅದನ್ನ ಕೇಳಿ ಮೊದಲು.

ನಡುವಿನ ಮನೆ
ನಮ್ಮದನ್ನೇ ಹೇಳ್ತಿದ್ದೀರಾ ಸಾರ್? ಎಲ್ಲರಿಗಿಂತ ಮೊದಲು ಹಾಕಿಸಿದ್ದು ಯಾರು ಅಂತ ಬೀದಿಗೆಲ್ಲ ಗೊತ್ತು.

ಮೂಲೆ ಮನೆ
ಗೊತ್ತಿದ್ರೆ ಹೇಳಿ. ಹೇಳಿ ನೋಡೋಣ.

ಮಹಡಿ ಮನೆ
ಯಾರೇ ಹಾಕಿರಲಿ, ತೆಗೆಸಬೇಕು. ಮೋಟರ್ ಎಳೆದಾಗ ಕೊನೆ ಮನೆಗಳಿಗೆ ಒತ್ತಡವೇ ಸಿಗಲ್ಲ. ಒತ್ತಡ ತೀರಾ ಇಳಿದ್ರೆ, ಜಾಯಿಂಟ್ ಸಡಿಲ ಇರೋ ಕಡೆ ಹೊರಗಿನ ಕೊಳಚೆ ಪೈಪಿನೊಳಗೆ ಬರತ್ತೆ. ಆ ನೀರನ್ನ ಎಲ್ಲರೂ ಕುಡೀತೀವಿ.

ಗೇಟಿನ ಮನೆ
*ಫಾರ್ವರ್ಡ್* ಬೆಳಿಗ್ಗೆ ಎದ್ದ ಕೂಡಲೇ ನಾಲ್ಕು ಲೋಟ ನೀರು ಕುಡಿಯಿರಿ, ಹತ್ತು ಜನರಿಗೆ ಕಳಿಸಿ 🙏

ಕೊನೆ ಮನೆ
ಮೊದಲು ನಾಲ್ಕು ಲೋಟ ಬರಲಿ ಸಾರ್.

ಟ್ಯಾಂಕ್ ಹಿಂದಿನ ಮನೆ
ಸಭೆ ಫೋಟೋ ನೋಡಿದೆ, ಒಬ್ಬ ಹೆಂಗಸೂ ಇಲ್ಲ. ರಾತ್ರಿ ಎದ್ದು ಕೊಡ ತುಂಬಿಸೋರು ಯಾರು? ನೀರಿನ ಯೋಜನೆಯಲ್ಲಿ ಬಳಸೋರೂ ಇರಬೇಕು, ಹೆಂಗಸರದ್ದು ಮುಖ್ಯ ಪಾತ್ರ ಅಂತ ನೀರಿನ ಬಗ್ಗೆ ನಡೆದ 1992ರ ಡಬ್ಲಿನ್ ಅಂತರರಾಷ್ಟ್ರೀಯ ಸಮ್ಮೇಳನದಲ್ಲೇ ಹೇಳಿದ್ರು. ಅದಕ್ಕೂ ಮುಂಚೆ, 1969ರಲ್ಲಿ, ಅಮೆರಿಕದ ಲೇಖಕಿ ಶೆರಿ ಆರ್ನ್‌ಸ್ಟೈನ್ ಆಡಳಿತದಲ್ಲಿ ಜನರ ಪಾಲ್ಗೊಳ್ಳುವಿಕೆಗೆ 8 ಮೆಟ್ಟಿಲು ಗುರುತಿಸಿದ್ರು. ಮಾಹಿತಿ ಕೊಡೋದು 3ನೆಯದು, ಅಭಿಪ್ರಾಯ ಕೇಳೋದು 4ನೆಯದು. ನಿರ್ಧಾರದಲ್ಲಿ ಪಾಲು ಸಿಗೋದು 6ರಿಂದ ಮೇಲೆ. ನಮಗೆ 3ನೆಯದೂ ನೆಟ್ಟಗಿಲ್ಲ. ಭಾನುವಾರ ಸಂಜೆ ಸಭೆ ಇಡಿ. ಯಾವತ್ತು ಎಷ್ಟು ಹೊತ್ತು ನೀರು ಬಿಟ್ರು ಅನ್ನೋ ಪುಸ್ತಕ ತರಿಸಿ. ಬಾಡಿಗೆಯವರಿಗೂ ಮತ ಇರಲಿ.

ಮೂಲೆ ಮನೆ
ಮೇಡಂ, ಓದಿದ್ದು ಬೇರೆ, ಬೀದಿ ಬೇರೆ. ಮತ ಮನೆ ಮಾಲೀಕರಿಗೆ ಮಾತ್ರ, ನಿಯಮ ಇದೆ.

ಟ್ಯಾಂಕ್ ಹಿಂದಿನ ಮನೆ
ಬಾಯಾರಿಕೆಗೆ ಸ್ವಂತ ಮನೆ, ಬಾಡಿಗೆ ಮನೆ ಅಂತ ಇದೆಯಾ?

ಮಹಡಿ ಮನೆ
ಭಾನುವಾರ ಸಂಜೆ 6ಕ್ಕೆ ನಾನು ಬರ್ತೀನಿ. ಇನ್ಯಾರು?

ನಡುವಿನ ಮನೆ
ಮೋಟರ್ ವಿಷಯ ಎತ್ತೋದಾದ್ರೆ ನಾನು ಬರಲ್ಲ.

ಗೇಟಿನ ಮನೆ
ಸಂಜೆ ಆ ರಸ್ತೇಲಿ ಕತ್ತಲೆ ಸಾರ್, ದೀಪ ಉರೀತಿಲ್ಲ. ಹೆಂಗಸರು ಹೇಗೆ ಬರ್ತಾರೆ?

ಮೂಲೆ ಮನೆ
ಅದೇ ನಾನೂ ಹೇಳ್ತಾ ಬಂದಿದ್ದು! ಮೊದಲು ದೀಪ. ಅರ್ಜಿ ನಾನೇ ಬರೀತೀನಿ, ಸಹಿ ಹಾಕೋರು ಹೇಳಿ.

ನಡುವಿನ ಮನೆ
ನಮ್ಮದೊಂದು ಸಹಿ.

ಕೊನೆ ಮನೆ
ಪುಸ್ತಕ ಯಾರು ತರಿಸ್ತೀರಾ?

ಗೇಟಿನ ಮನೆ
ದೀಪಕ್ಕೆ ನಂದೂ ಸಹಿ 👍